ತ್ರೀ ನಾಟ್ ತ್ರೀ: ಹಳೆಯ ರೈಫಲ್, ಹಳೆಯ ತೋಟಾ, ಗುರಿಯ ನಿಖರತೆ

ಕರ್ನಾಟಕದ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಇದ್ದ ‘ತ್ರೀ ನಾಟ್ ತ್ರೀ’ಯ ಪೂರ್ಣ ಹೆಸರು .303 ಲೀ-ಎನ್‌ಫೀಲ್ಡ್. 1895ರಲ್ಲಿ ಬ್ರಿಟಿಷ್ ಸೇನೆ ಸೇರಿದ ಈ ಬೋಲ್ಟ್ ರೈಫಲ್‌ನ 1907ರ ಮಾದರಿ ಬಂಗಾಳದ ಇಷಾಪುರದಲ್ಲೂ ತಯಾರಾಯಿತು. ಸೇನೆಗಳು ಕೈಬಿಟ್ಟ ಮೇಲೆ ಬ್ರಿಟನ್, ಕೆನಡಾ, ಅಮೆರಿಕಗಳಲ್ಲಿ ಇವು ಸಂಗ್ರಾಹಕರ ಮತ್ತು ಗುರಿಕಾರರ ಪಾಲಾದವು. ಆದರೆ ಭಾರತದಲ್ಲಿ ಈ ಬೋರ್, ಅಂದರೆ ಈ ಒಳವ್ಯಾಸದ ನಳಿಗೆ, ನಾಗರಿಕರಿಗೆ ನಿಷಿದ್ಧ. ಒಂದೇ ಮಾದರಿಯ ಎರಡು ರೈಫಲ್‌ಗಳಲ್ಲಿ ಒಂದರ ಗುಂಡುಗಳು ಒತ್ತಾಗಿ ಬೀಳುತ್ತವೆ, ಇನ್ನೊಂದರವು ಚದುರುತ್ತವೆ. ಇದರ ಕಾರಣ ಬಹುಮಟ್ಟಿಗೆ ನಳಿಗೆಗೂ ತೋಟಾಕ್ಕೂ ಇರುವ ಹೊಂದಾಣಿಕೆ.

ಅಳತೆ ಹೇಗೆ?

ಒಂದೇ ಗುರಿಗೆ ಹೊಡೆದ ಹಲವು ಗುಂಡುಗಳು ಎಷ್ಟು ಅಗಲಕ್ಕೆ ಹರಡಿವೆ ಎಂಬುದೇ ನಿಖರತೆಯ ಅಳತೆ. ಇದನ್ನು ಕೋನದ ‘ಮಿನಿಟ್’ಗಳಲ್ಲಿ ಹೇಳುವುದು ರೂಢಿ, 100 ಮೀಟರ್ ದೂರದಲ್ಲಿ ಒಂದು ಮಿನಿಟ್ ಎಂದರೆ ಸುಮಾರು 2.9 ಸೆಂ.ಮೀ. ಎರಡನೇ ಮಹಾಯುದ್ಧದಲ್ಲಿ ಲೀ-ಎನ್‌ಫೀಲ್ಡ್‌ನ ನಂತರದ ಮಾದರಿಯಾದ ನಂ. 4ರಲ್ಲಿ ಒತ್ತಾಗಿ ಹೊಡೆಯುವ ರೈಫಲ್‌ಗಳನ್ನು ಆರಿಸಿ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಯಲ್ಲಿ ದುರ್ಬೀನು ಕೂಡಿಸಿ ಸ್ನೈಪರ್‌ಗಳಿಗೆ ಕೊಡುತ್ತಿದ್ದರು.

ನಳಿಗೆ ಮತ್ತು ಗುಂಡು

.303 ಇಂಚು, ಅಂದರೆ 7.7 ಮಿ.ಮೀ. ಎಂಬುದು ನಳಿಗೆಯ ಒಳವ್ಯಾಸ. ಸುರುಳಿ ಚಡಿಗಳ ತಳದಲ್ಲಿ ಅಳೆದರೆ ಅದು ಸುಮಾರು 7.9 ಮಿ.ಮೀ. ಆಗುತ್ತದೆ, ಯುದ್ಧಕಾಲದ ತರಾತುರಿಯಲ್ಲಿ ತಯಾರಾದವು, ಸವೆದವು ಇನ್ನೂ ಅಗಲ. 1910ರ ಮಾರ್ಕ್ 7 ಗುಂಡು ಈ ವ್ಯತ್ಯಾಸವನ್ನು ಸಹಿಸುತ್ತಿತ್ತು. ಅದರ ತೂಕ 174 ಗ್ರೇನ್, ತಳ ಚಪ್ಪಟೆ. ಸ್ಫೋಟದ ಒತ್ತಡಕ್ಕೆ ಮೆತ್ತನೆಯ ಸೀಸ ಹಿಗ್ಗಿ ಚಡಿಗಳನ್ನು ತುಂಬುತ್ತಿತ್ತು. ಮೆಷಿನ್ ಗನ್‌ಗೆಂದು ಬಂದ ಮಾರ್ಕ್ 8 ಜೆಡ್ ಗುಂಡಿನ ಹಿಂಭಾಗ ಕಿರಿದಾಗುತ್ತಾ ಹೋಗುವುದರಿಂದ ಅದು ಅಷ್ಟಾಗಿ ಹಿಗ್ಗದು. ಹಾಗಾಗಿ ಸವೆದ ನಳಿಗೆಯಲ್ಲಿ ಅದರ ಗುರಿ ಕೆಡುತ್ತದೆ.

ನಳಿಗೆಯನ್ನು ಸವೆಸಿದ್ದು ಗುಂಡುಗಳಷ್ಟೇ ಅಲ್ಲ. ಕಾರ್ಡೈಟ್ ಮದ್ದಿನ ಬೆಂಕಿ ಬಲು ಬಿಸಿ. ತೋಟಾ ಕೂರುವ ಜಾಗದ ಮುಂದಿನ ಉಕ್ಕನ್ನು ಅದು ತಿನ್ನುತ್ತದೆ. ಹಳೆಯ ಕೇಪಿನ ಪೊಟ್ಯಾಸಿಯಂ ಕ್ಲೋರೇಟ್ ಉರಿದ ಮೇಲೆ ಉಳಿಯುವ ಉಪ್ಪು ತೇವ ಹೀರಿ ತುಕ್ಕು ಹಿಡಿಸುತ್ತದೆ. ಎಣ್ಣೆ ಉಪ್ಪನ್ನು ಕರಗಿಸದು. ಅದಕ್ಕೇ ಸೈನಿಕರು ನಳಿಗೆಗೆ ಕುದಿನೀರು ಹೊಯ್ದು, ಒರೆಸಿ, ಆಮೇಲೆ ಎಣ್ಣೆ ಹಚ್ಚುತ್ತಿದ್ದರು. ಶುಚಿಗೊಳಿಸಲು ಎಳೆಯುವ ಹಗ್ಗಕ್ಕೆ ಮರಳು ಅಂಟಿದ್ದರೆ, ಅದು ಮೂತಿಯ ಅಂಚನ್ನೇ ಒಂದು ಬದಿಗೆ ಉಜ್ಜಿಹಾಕುತ್ತಿತ್ತು. ಹಾಗಾದರೆ ಹೊರಬರುವ ಗುಂಡನ್ನು ಅನಿಲ ಓರೆಯಾಗಿ ತಳ್ಳುತ್ತದೆ.

ದೂರದಲ್ಲಿ ಸುಧಾರಿಸುವ ಗುರಿ

ಲೀ-ಎನ್‌ಫೀಲ್ಡ್‌ನಲ್ಲಿ ತೋಟಾವನ್ನು ಹಿಂದಿನಿಂದ ಮುಚ್ಚುವ ಬೋಲ್ಟ್‌ಗೆ ಹಿಡಿತ ಇರುವುದು ಹಿಂಬದಿಯಲ್ಲಿ. ಹೊಡೆದಾಗ ಇಡೀ ಚೌಕಟ್ಟು ತುಸು ಬಾಗಿ ನಳಿಗೆ ಮೇಲೆ ಕೆಳಗೆ ಅದುರುತ್ತದೆ. ನಿಧಾನದ ಗುಂಡು ನಳಿಗೆಯಲ್ಲಿ ಕ್ಷಣಾಂಶ ಹೆಚ್ಚು ಹೊತ್ತು ಇರುವುದರಿಂದ, ಮೂತಿ ಇನ್ನಷ್ಟು ಎದ್ದಾಗ ಹೊರಡುತ್ತದೆ. ದಾರಿಯಲ್ಲಿ ಅದು ಹೆಚ್ಚು ಇಳಿದರೂ ಈ ಎತ್ತರ ಸರಿದೂಗಿಸುತ್ತದೆ. ಆದ್ದರಿಂದ ಹತ್ತಿರದಲ್ಲಿ ಸಾಧಾರಣವೆನಿಸಿದ ರೈಫಲ್ 900 ಮೀಟರ್ ಆಸುಪಾಸಿನಲ್ಲಿ ನಿರೀಕ್ಷೆಗಿಂತ ಚೆನ್ನಾಗಿ ಹೊಡೆಯಬಲ್ಲದು.

ಮರದ ಪಾತ್ರವೂ ಇದೆ. ನಳಿಗೆಯ ಕೆಳಗಿನ ಮರ ಒಣಗಿ ಕುಗ್ಗಿದರೆ ಅಥವಾ ತಿರುಪು ಸಡಿಲಾದರೆ ಈ ಅದುರುವಿಕೆ ಒಂದೊಂದು ಹೊಡೆತಕ್ಕೆ ಒಂದೊಂದು ಬಗೆಯಾಗುತ್ತದೆ.

ತೋಟಾಗಳ ಪೀಳಿಗೆ

ಸೇನೆಯ ಉಳಿಕೆ ತೋಟಾಗಳು ಹಲವು ದೇಶಗಳ ಕಾರ್ಖಾನೆಗಳಲ್ಲಿ, ಬೇರೆ ಬೇರೆ ವರ್ಷಗಳಲ್ಲಿ ತಯಾರಾದವು. ತೋಟಾದ ತಳದಲ್ಲಿ ಒತ್ತಿದ ಗುರುತು ತಯಾರಕರನ್ನೂ ಸಾಮಾನ್ಯವಾಗಿ ವರ್ಷವನ್ನೂ ತಿಳಿಸುತ್ತದೆ. ಬಿಸಿಲು, ತೇವಗಳಲ್ಲಿ ಬಿದ್ದಿದ್ದರೆ ಮದ್ದಿನ ಉರಿ ಏರುಪೇರಾಗಿ ವೇಗ ಬದಲಾಗುತ್ತದೆ. ಕೆಲವು ತಡವಾಗಿ ಸಿಡಿಯುತ್ತವೆ. ಎರಡು ತಯಾರಿಕೆಗಳನ್ನು ಬೆರೆಸಿ ಹೊಡೆದರೆ ಒಳ್ಳೆಯ ರೈಫಲ್ಲೂ ಎರಡು ಕಡೆ ಗುಂಪು ಮಾಡುತ್ತದೆ.

ತೀರ್ಪು ಕೊಡುವ ಮುನ್ನ

ನುರಿತವರು ಮೊದಲು ಮೂತಿ, ಚಡಿ, ತಿರುಪುಗಳನ್ನು ನೋಡುತ್ತಾರೆ. ಆಮೇಲೆ ನಳಿಗೆಯ ಚಡಿ ಅಳೆದು, ಅದಕ್ಕೆ ತಕ್ಕ ವ್ಯಾಸದ ಚಪ್ಪಟೆ ತಳದ ಗುಂಡುಳ್ಳ ಹೊಸ ತೋಟಾಗಳಿಂದ ಹೊಡೆಯುತ್ತಾರೆ. ಆಗಲೂ ಗುಂಡುಗಳು ಚದುರಿದರೆ ಮಾತ್ರ ದೋಷ ರೈಫಲ್‌ನದು ಎನ್ನಬಹುದು.