ಸೈಗಲ್ ಮತ್ತು ಕಪ್ಪು ಐದು

ಹಾಡಲು ಬಾರದವನಿಗೆ ನಾಯಕನ ಪಾತ್ರ ಸಿಗದ ಕಾಲವೊಂದು ನಮ್ಮ ಸಿನಿಮಾದಲ್ಲಿತ್ತು. 1931ರಲ್ಲಿ ‘ಆಲಂ ಆರಾ’ ಬಂದು ಚಿತ್ರಗಳು ಮಾತು ಕಲಿತಾಗ ಸ್ಟುಡಿಯೊಗಳು ಹಿಡಿದದ್ದು ನಾಟಕ ಕಂಪನಿಗಳ ಹಾದಿಯನ್ನೇ: ಬಣ್ಣ ಹಚ್ಚಿದವರೇ ಹಾಡಲೂಬೇಕು. 1934ರಲ್ಲಿ ಬೆಂಗಳೂರಿನಲ್ಲಿ ತೆರೆಕಂಡ ‘ಸತಿ ಸುಲೋಚನ’ದಲ್ಲೂ ಹಾಡಿದವರು ರಂಗಭೂಮಿಯಿಂದ ಬಂದ ನಟರೇ. ಈ ಕಸುಬಿನಲ್ಲಿ ಎಲ್ಲರಿಗಿಂತ ಎತ್ತರಕ್ಕೆ ಏರಿದವರು ಕುಂದನ್‌ಲಾಲ್ ಸೈಗಲ್. ಅವರು ಮಾತ್ರ ನಾಟಕ ಕಂಪನಿಯ ಮೆಟ್ಟಿಲು ಹತ್ತಿ ಬಂದವರಲ್ಲ; ಟೈಪ್‌ರೈಟರ್ ಮಾರುತ್ತಿದ್ದವರು.

ಸೈಗಲ್ ಹುಟ್ಟಿದ್ದು 1904ರಲ್ಲಿ, ಜಮ್ಮುವಿನಲ್ಲಿ. ತಂದೆ ತಹಸೀಲ್ದಾರರು. ತಾಯಿ ಕೇಸರ್‌ಬಾಯಿ ಭಜನೆ, ಕೀರ್ತನೆ ನಡೆಯುವ ಕಡೆಗೆಲ್ಲ ಮಗನನ್ನು ಕರೆದೊಯ್ಯುತ್ತಿದ್ದರು. ಪಾಠಶಾಲೆ ಎಂದರೆ ಅದೇ. ಯಾವ ಘರಾನೆಯಲ್ಲೂ ಕೂತು ವರ್ಷಗಟ್ಟಲೆ ತಾಲೀಮು ಮಾಡಿದವರಲ್ಲ. ರೈಲ್ವೆಯಲ್ಲಿ ಟೈಂಕೀಪರ್ ಆಗಿ, ಆಮೇಲೆ ರೆಮಿಂಗ್ಟನ್ ಕಂಪನಿಯ ಸೇಲ್ಸ್‌ಮನ್ ಆಗಿ ಊರೂರು ಸುತ್ತಿ ಕೊನೆಗೆ ಕಲ್ಕತ್ತೆ ಸೇರಿದರು. ಅಲ್ಲಿ ಈ ದನಿ ಸಂಗೀತ ನಿರ್ದೇಶಕ ರಾಯ್‌ಚಂದ್ ಬೋರಾಲ್ ಅವರ ಕಿವಿಗೆ ಬಿತ್ತು. ಬಿ.ಎನ್. ಸರ್ಕಾರ್ ಅವರ ನ್ಯೂ ಥಿಯೇಟರ್ಸ್ ತಿಂಗಳಿಗೆ 200 ರೂಪಾಯಿ ಸಂಬಳಕ್ಕೆ ಸೈಗಲ್‌ರನ್ನು ಗೊತ್ತುಮಾಡಿಕೊಂಡಿತು.

ಕೊನೆಯ ಸಾಲಿನವನಿಗೂ ಕೇಳಿಸಬೇಕೆಂದು ರಂಗದ ಗಾಯಕರು ಕಂಠ ಬಿಟ್ಟು ಹಾಡಬೇಕಿತ್ತು. ಮೈಕ್ರೋಫೋನು ಎದುರಿಗಿದ್ದಾಗ ಅದರ ಅಗತ್ಯವಿಲ್ಲ ಎಂಬುದನ್ನು ಬೇಗ ಅರಿತವರಲ್ಲಿ ಸೈಗಲ್ ಒಬ್ಬರು. ಅವರು ಮಾತಾಡುವಷ್ಟೇ ದನಿಯಲ್ಲಿ, ಪದದ ಅರ್ಥಕ್ಕೆ ಒತ್ತು ಬೀಳುವಂತೆ ಹಾಡಿದರು.

1938ರ ‘ಸ್ಟ್ರೀಟ್ ಸಿಂಗರ್’ನಲ್ಲಿ ಅವರದು ಬೀದಿಯಲ್ಲಿ ಹಾಡುವವನ ಪಾತ್ರ. ಹಿನ್ನೆಲೆ ಗಾಯನದ ತಂತ್ರ ಅಷ್ಟರಲ್ಲಿ ಬಂದಾಗಿತ್ತು. ಅದನ್ನು 1935ರ ‘ಧೂಪ್ ಛಾಂವ್’ನಲ್ಲಿ ಬಳಸಿದ್ದು ಇದೇ ನ್ಯೂ ಥಿಯೇಟರ್ಸ್. ಆದರೂ ಅವಧದ ನವಾಬ ವಾಜಿದ್ ಅಲಿ ಷಾನ ಠುಮ್ರಿಯನ್ನು ಕ್ಯಾಮೆರಾದ ಎದುರೇ ಹಾಡುತ್ತೇನೆಂದು ಸೈಗಲ್ ಹಟ ಹಿಡಿದರು. ಕೊರಳಿಗೆ ಹಾರ್ಮೋನಿಯಂ ನೇತುಹಾಕಿಕೊಂಡು ಬೀದಿಯಲ್ಲಿ ನಡೆಯುತ್ತ ಅವರು ಭೈರವಿ ಹಾಡಿದರೆ, ಚೌಕಟ್ಟಿನ ಆಚೆಗೆ ಮೈಕೂ ವಾದ್ಯದವರೂ ಜೊತೆಜೊತೆಗೇ ಸಾಗಿದರು. ನಡೆಯುವಾಗಲೂ ಉಸಿರು ತಪ್ಪದೆ, ಸ್ವರ ಕದಲದೆ ಹಾಡಬಲ್ಲ ಹಿಡಿತ ಅದು.

ಇಂಥ ಹಿಡಿತದ ಮನುಷ್ಯನಿಗೆ ದೇಶ ಅಂಟಿಸಿದ ಚಿತ್ರ ಮಾತ್ರ ಕುಡುಕನದು. ಪಿ.ಸಿ. ಬರುವಾ ನಿರ್ದೇಶಿಸಿದ ಹಿಂದಿ ‘ದೇವದಾಸ್’ 1935ರಲ್ಲಿ ಬಂತು. ಶರತ್‌ಚಂದ್ರರ ಕಾದಂಬರಿಯ ನಾಯಕ ಪ್ರೇಮದಲ್ಲಿ ಸೋತು, ಕುಡಿದು ಕುಡಿದೇ ಸಾಯುವವನು. ಆ ಪಾತ್ರದಲ್ಲಿ ಸೈಗಲ್ ಹಾಡಿದ ಮೇಲೆ ನೋವು, ಮದ್ಯ, ಸಂಗೀತ ಮೂರನ್ನೂ ಜನ ಒಂದೇ ದಾರದಲ್ಲಿ ಪೋಣಿಸಿದರು. ಬಂಗಾಳಿ ‘ದೇವದಾಸ್’ನಲ್ಲಿ ನಾಯಕ ಬರುವಾ ಅವರೇ. ಅವರಿಗೂ ಕುಡಿತವಿತ್ತು, 1951ರಲ್ಲಿ 48ನೇ ವಯಸ್ಸಿಗೆ ತೀರಿಕೊಂಡರು.

1941ರ ಕೊನೆಯಲ್ಲಿ ಸೈಗಲ್ ಬೊಂಬಾಯಿಗೆ ಬಂದು ರಣಜಿತ್ ಮೂವಿಟೋನ್ ಸೇರಿದರು. ‘ಭಕ್ತ ಸೂರದಾಸ್’, ಅದರ ಹಿಂದೆಯೇ 1943ರಲ್ಲಿ ‘ತಾನ್‌ಸೇನ್’ ಗೆದ್ದವು. ಆ ಹೊತ್ತಿಗೆ ಕುಡಿಯದೆ ಮೈಕಿನ ಮುಂದೆ ನಿಲ್ಲಲಾರೆ ಎಂಬ ನಂಬಿಕೆ ಅವರಲ್ಲಿ ಬೇರೂರಿತ್ತು.

1946ರ ‘ಷಹಜಹಾನ್’ಗೆ ಸಂಗೀತ ಕೊಟ್ಟ ನೌಷಾದ್ ಒಂದು ರೆಕಾರ್ಡಿಂಗ್‌ನ ಕಥೆಯನ್ನು ಮುಂದೆ ಅನೇಕ ಸಲ ಹೇಳಿದ್ದಾರೆ. ಸೈಗಲ್ ತಮ್ಮ ಪೆಗ್ಗಿಗೆ ಇಟ್ಟುಕೊಂಡಿದ್ದ ಹೆಸರು ‘ಕಾಲಿ ಪಾಂಚ್’, ಅಂದರೆ ಕಪ್ಪು ಐದು, ಹಾರ್ಮೋನಿಯಂನ ಐದನೆಯ ಕಪ್ಪು ಮನೆ. ಅಂದು ನೌಷಾದ್ ಒಂದು ಬೇಡಿಕೆ ಇಟ್ಟರು: ಮೊದಲು ಕುಡಿಯದೆ ಒಮ್ಮೆ ಹಾಡಿ, ಆಮೇಲೆ ನಿಮ್ಮಿಷ್ಟದಂತೆ ಕುಡಿದು ಇನ್ನೊಮ್ಮೆ ಹಾಡಿ. ಎರಡನ್ನೂ ಕೇಳಿಸಿದಾಗ ಸೈಗಲ್ ಮೆಚ್ಚಿದ್ದು ಕುಡಿಯದೆ ಹಾಡಿದ್ದನ್ನೇ. ಇದನ್ನು ತೋರಿಸಿಕೊಡಲು ನೀವು ಮೊದಲೇ ಸಿಗಬಾರದಿತ್ತೆ ಎಂದು ಹಲುಬಿದರಂತೆ.

ಈ ಕಥೆಗೆ ಸಾಕ್ಷಿ ನೌಷಾದ್ ಅವರ ನೆನಪು. ಧ್ವನಿಮುದ್ರಿಕೆಗಳನ್ನು ಸಾಲಾಗಿ ಇಟ್ಟು ಕೇಳಿದರೂ ಅದೇ ಮಾತು ಹೊರಡುತ್ತದೆ. ಸೈಗಲ್‌ರ ಗಾಯನಕ್ಕೆ ಆಧಾರ ಉಸಿರಿನ ಲೆಕ್ಕ, ಅಕ್ಷರ ಶುದ್ಧಿ, ಎಲ್ಲಿ ನಿಲ್ಲಿಸಬೇಕೆಂಬ ವಿವೇಕ. ಮಂಪರಿನಲ್ಲಿ ಕೈಗೆ ಹತ್ತುವ ಕೆಲಸಗಳಲ್ಲ ಇವು. ಮದ್ಯ ಆ ಕಂಠಕ್ಕೆ ಏನನ್ನೂ ಸೇರಿಸಲಿಲ್ಲ. ಕುಡಿದದ್ದಕ್ಕೇ ಹಾಗೆ ಹಾಡಿದರು ಎನ್ನುವವರು ಅವರ ದುಡಿಮೆಯನ್ನು ಬಾಟಲಿಯ ಖಾತೆಗೆ ಜಮಾ ಮಾಡುತ್ತಾರೆ.

ಆರೋಗ್ಯ ಪೂರ್ತಿ ಕೆಟ್ಟ ಮೇಲೆ ಸೈಗಲ್ ಜಲಂಧರಕ್ಕೆ ಹೋದರು. 1947ರ ಜನವರಿ 18ರಂದು ಅಲ್ಲೇ ತೀರಿಕೊಂಡರು, 43 ತುಂಬಿರಲಿಲ್ಲ. ಸುರೈಯಾ ಜೊತೆ ನಟಿಸಿದ ‘ಪರ್ವಾನಾ’ ತೆರೆಕಂಡದ್ದು ಆಮೇಲೆ.

ಅವರ ಜಾಗಕ್ಕೆ ಬಂದವರು ಮೊದಮೊದಲು ಅವರ ದನಿಯಲ್ಲೇ ಹಾಡಲು ಯತ್ನಿಸಿದರು. 1945ರ ‘ಪೆಹಲೀ ನಜರ್’ನಲ್ಲಿ ಮುಕೇಶ್, 1948ರ ‘ಜಿದ್ದಿ’ಯಲ್ಲಿ ಕಿಶೋರ್ ಕುಮಾರ್ ಹಾಡಿದ್ದನ್ನು ಕೇಳಿದರೆ ಗುರು ಯಾರೆಂದು ಕೇಳಬೇಕಿಲ್ಲ. ಮುಂದೆ ಇಬ್ಬರೂ ತಮ್ಮ ದಾರಿ ಹಿಡಿದರು. ಹಾಡುವ ನಟರ ಕಾಲ ಕಳೆದು ಹಿನ್ನೆಲೆ ಗಾಯಕರ ಕಾಲ ಬಂತು. ರೇಡಿಯೊ ಸಿಲೋನ್ ಮಾತ್ರ ಬೆಳಗಿನ ಹಳೆಯ ಚಿತ್ರಗೀತೆಗಳ ಕಾರ್ಯಕ್ರಮವನ್ನು ಸೈಗಲ್ ಹಾಡಿನಿಂದಲೇ ಮುಗಿಸುವ ಪರಿಪಾಠ ಬಿಡಲಿಲ್ಲ. ಕನ್ನಡ ನಾಡಿನಲ್ಲೂ ಆ ಹಾಡು ಬಂತೆಂದರೆ ಎಂಟು ಗಂಟೆ ಆಯಿತೆಂದೇ ಲೆಕ್ಕ.

ನ್ಯೂ ಥಿಯೇಟರ್ಸ್‌ನಲ್ಲಿ ಸೈಗಲ್ ಜೊತೆ ದುಡಿದ ಪಂಕಜ್ ಮಲಿಕ್ ಅವರಿಗಿಂತ ಒಂದು ವರ್ಷ ಚಿಕ್ಕವರು, 1978ರವರೆಗೆ ಬದುಕಿದ್ದರು. ಬೋರಾಲ್ 1981ರವರೆಗೂ ಇದ್ದರು. ಇಬ್ಬರಿಗೂ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು; ಲಾಂಗ್‌ಪ್ಲೇ ರೆಕಾರ್ಡು, ಟೇಪು, ಟೆಲಿವಿಷನ್ ಎಲ್ಲವನ್ನೂ ಕಂಡರು. ಸೈಗಲ್ ಕಾಲದ ರೆಕಾರ್ಡು ಅರಗಿನ ತಟ್ಟೆ, ಒಂದು ಬದಿಗೆ ಮೂರು ನಿಮಿಷ. ಹದಿನೈದು ವರ್ಷಗಳಲ್ಲಿ ಅವರು ಹಾಡಿದ್ದು ಸುಮಾರು 185 ಹಾಡು.