ಕಾಡುಹುಂಜದ ಗರಿ ಗಾಳದ ಕೊಕ್ಕೆಗೆ ಹೋದ ಕಥೆ

ನಮ್ಮ ಪಾಳ್ಯ, ಆಲೂರು, ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ಬೆಳಗಿನ ಜಾವ ಕೂಗುವ ಕಾಡುಹುಂಜ ಯಾರಿಗೆ ಗೊತ್ತಿಲ್ಲ? ಆದರೆ ಅದರ ಕತ್ತಿನ ಗರಿಯನ್ನು ಹತ್ತಿರದಿಂದ ನೋಡಿದವರು ಕಡಿಮೆ. ತುದಿಯಲ್ಲಿ ಅರಗು ತೊಟ್ಟಿಕ್ಕಿದ ಹಾಗೆ ಬಿಳಿ, ಹಳದಿ ಚುಕ್ಕೆ. ಉಗುರಿನಷ್ಟು ನುಣುಪು, ಗಟ್ಟಿ. ಈ ಚುಕ್ಕೆಯೇ ಹಕ್ಕಿಗೆ ಮುಳುವಾಯಿತು.

ನಾವು ಎರೆಹುಳ ಸಿಕ್ಕಿಸಿ ಗಾಳ ಹಾಕುತ್ತೇವೆ. ಇಂಗ್ಲೆಂಡಿನಲ್ಲಿ ಟ್ರೌಟ್ ಮೀನು ಹಿಡಿಯುವವರ ದಾರಿ ಬೇರೆ. ಅಲ್ಲಿನ ಹೊಳೆಗಳಲ್ಲಿ ಮೇಫ್ಲೈ ಎಂಬ ಹುಳ ಇದೆ. ನಮ್ಮ ಹಳ್ಳಗಳಲ್ಲೂ ಅದರ ನೆಂಟರಿದ್ದಾರೆ. ತಿಂಗಳುಗಟ್ಟಲೆ ನೀರೊಳಗೆ ಬೆಳೆಯುವ ಇದು ರೆಕ್ಕೆ ಬಂದ ಮೇಲೆ ಬದುಕುವುದು ಒಂದೆರಡು ದಿನ ಅಷ್ಟೆ. ತಿನ್ನುವುದಕ್ಕೆ ಬಾಯಿಯೂ ಕೆಲಸಕ್ಕೆ ಬಾರದು. ಅವು ಗುಂಪಾಗಿ ನೀರ ಮೇಲೆ ಕೂತಾಗ ಮೀನು ಹೆಚ್ಚಾಗಿ ಬೇರೇನನ್ನೂ ಮುಟ್ಟುವುದಿಲ್ಲ. ಅದಕ್ಕೇ ಕೊಕ್ಕೆಗೆ ದಾರ ಸುತ್ತಿ, ಕೋಳಿಗರಿಯ ಎಳೆಯಲ್ಲಿ ಕಾಲು, ರೆಕ್ಕೆ, ಬಾಲ ಮಾಡಿ ಸುಳ್ಳು ಹುಳ ಕಟ್ಟುತ್ತಾರೆ. ಫ್ರೆಡ್ರಿಕ್ ಹಾಲ್ಫರ್ಡ್ ಎಂಬವರು 1886ರಲ್ಲಿ ತೇಲುವ ಹುಳ ಕಟ್ಟುವುದರ ಬಗ್ಗೆಯೇ ಒಂದು ಪುಸ್ತಕ ಬರೆದರು.

ಸಾಲ್ಮನ್ ಎಂಬ ದೊಡ್ಡ ಮೀನಿಗೆ ಕಟ್ಟುವ ಬಣ್ಣಬಣ್ಣದ ಹುಳಕ್ಕೆ ನಮ್ಮ ಕಾಡುಹುಂಜದ ಗರಿಯೇ ಬೇಕಾಯಿತು. ನೀರಲ್ಲಿ ಆ ಚುಕ್ಕೆ ಸಣ್ಣ ಮೀನಿನ ಕಣ್ಣಿನಂತೆ ಕಾಣುತ್ತದೆ. ಗರಿಗೆ ಅವರಿಟ್ಟ ಹೆಸರು 'ಜಂಗಲ್ ಕಾಕ್'. ಕತ್ತಿನ ಚರ್ಮವನ್ನೇ ಗರಿಸಮೇತ ಸುಲಿದು ಒಣಗಿಸಿ ಮಾರುತ್ತಿದ್ದರು. ಈ ಬೂದುಬಣ್ಣದ ಕಾಡುಕೋಳಿ ಭಾರತದ ಕಾಡು ಬಿಟ್ಟರೆ ಬೇರೆಲ್ಲೂ ಇಲ್ಲ. ಅಂದಮೇಲೆ ಕಾಡಿನಿಂದ ಹೋದ ಒಂದೊಂದು ಕತ್ತೂ ನಮ್ಮ ದೇಶದ್ದೇ.

1902ರಲ್ಲಿ ಬ್ರಿಟಿಷ್ ಸರ್ಕಾರವೇ ಇಂಡಿಯಾದಿಂದ ಹಕ್ಕಿಗರಿ ರಫ್ತು ನಿಲ್ಲಿಸಿತು. ಯುರೋಪಿನ ಹೆಂಗಸರ ಟೋಪಿಗೆ ಗರಿ ಸಿಕ್ಕಿಸುವ ಫ್ಯಾಷನ್ನಿಗೆ ಲಕ್ಷಗಟ್ಟಲೆ ಹಕ್ಕಿ ಸಾಯುತ್ತಿದ್ದ ಕಾಲ ಅದು. ಆದರೂ ಕಳ್ಳದಾರಿ ಮುಚ್ಚಲಿಲ್ಲ. 1950ರ ಸುಮಾರಿಗೆ ಅಮೆರಿಕದ ವಿನ್ಸೆಂಟ್ ಮರಿನಾರೊ ಇದೇ ಗರಿಯ ಚುಕ್ಕೆಯನ್ನು ಚಪ್ಪಟೆಯಾಗಿ ಕೂರಿಸಿ ಪುಟ್ಟದೊಂದು ಹುಳ ಕಟ್ಟಿದರು. ಹೆಸರು 'ಜಾಸಿಡ್'. ಅದು ಬೇರೇನಲ್ಲ, ಬೆಳೆಯ ರಸ ಹೀರುವ ಜಿಗಿಹುಳು! ನಾವು ಔಷಧಿ ಹೊಡೆದು ಓಡಿಸುವ ಹುಳವನ್ನು ಅವರು ನಮ್ಮ ಹುಂಜದ ಗರಿಯಲ್ಲಿ ಕಷ್ಟಪಟ್ಟು ಕಟ್ಟುತ್ತಿದ್ದರು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡುಕೋಳಿ ಹಿಡಿಯುವುದು, ಕೊಲ್ಲುವುದು ಅಪರಾಧ. ಹೊರದೇಶದವರು ಈಗ ಪ್ಲಾಸ್ಟಿಕ್ ಚುಕ್ಕೆ ಅಂಟಿಸುತ್ತಾರೆ, ಇಲ್ಲವೇ ಇಂಗ್ಲೆಂಡಿನಲ್ಲೇ ಗೂಡಲ್ಲಿ ಸಾಕಿದ ಹಕ್ಕಿಯ ಗರಿ ಕೊಳ್ಳುತ್ತಾರೆ. ನಮ್ಮ ಕಡೆ ಉರುಳು ಇನ್ನೂ ನಿಂತಿಲ್ಲ. ಗರಿಗಲ್ಲ, ಮಾಂಸಕ್ಕೆ. ತೋಟದ ಬೇಲಿಯಲ್ಲಿ ಉರುಳು ಕಂಡರೆ ಅರಣ್ಯ ಇಲಾಖೆಗೆ ಒಂದು ಫೋನ್ ಮಾಡಿ.