ಡಿಜೆನಾ, ತಮಟೆನಾ? ಜಗಳಕ್ಕೆ ಮುಂಚೆ ಡೆಟ್ರಾಯಿಟ್ ಕತೆ ಕೇಳಿ



ಏಪ್ರಿಲ್ 14 ಹತ್ರ ಬಂದ್ರೆ ನಮ್ಮ ಕೇರಿಗಳಲ್ಲಿ ಒಂದು ಜಗಳ ಶುರುವಾಗುತ್ತೆ. ಹುಡುಗರು ಡಿಜೆ ತರೋಣ ಅಂತಾರೆ. ಹಿರಿಯರು ತಮಟೆ ಇಲ್ಲದ ಜಯಂತಿ ಎಂಥದ್ದು ಅಂತಾರೆ. ಓದಿ ನೌಕರಿ ಹಿಡಿದ ನಮ್ಮಂಥವರಲ್ಲಿ ಕೆಲವರು ತಮಟೆ ಗುಲಾಮಗಿರಿಯ ಗುರುತು, ಮುಟ್ಟಲೇಬಾರದು ಅಂತಾರೆ. ಮೂರೂ ಕಡೆಯವರು ಒಂದು ಚರಿತ್ರೆ ತಿಳ್ಕೊಳ್ಳಬೇಕು. ಡಿಜೆ ಬಾಕ್ಸಿನಿಂದ ಬಂದು ಎದೆಗೆ ಗುದ್ದುವ ಆ ಸದ್ದಿನ ಬೇರು ಶ್ರೀಮಂತರ ಬಂಗಲೆಯಲ್ಲಿ ಇಲ್ಲ. ಅಮೆರಿಕದ ಕಪ್ಪು ಜನರ ಕೇರಿಗಳಲ್ಲಿದೆ.

ಅಮೆರಿಕಕ್ಕೂ ನಮಗೂ ಏನು ಸಂಬಂಧ ಅನ್ನಬೇಡಿ. ಅಸ್ಪೃಶ್ಯರ ಸ್ಥಿತಿಗೂ ಅಲ್ಲಿನ ಕಪ್ಪು ಜನರ ಸ್ಥಿತಿಗೂ ಎಷ್ಟೊಂದು ಹೋಲಿಕೆ ಇದೆ ಅಂತ ಬಾಬಾಸಾಹೇಬರು 1946ರಲ್ಲೇ ಡು ಬೋಯಿಸ್ ಅವರಿಗೆ ಪತ್ರ ಬರೆದಿದ್ದರು. 1972ರಲ್ಲಿ ಮುಂಬೈನಲ್ಲಿ ಹುಟ್ಟಿದ ದಲಿತ್ ಪ್ಯಾಂಥರ್ಸ್ ಹೆಸರು ಬಂದಿದ್ದೂ ಅಲ್ಲಿಂದಲೇ.

ಡೆಟ್ರಾಯಿಟ್ ಕಾರು ಮಾಡುವ ಊರು. ದಕ್ಷಿಣದ ಹತ್ತಿ ಹೊಲ, ಅಲ್ಲಿನ ಹಿಂಸೆ ಬಿಟ್ಟು ಲಕ್ಷಾಂತರ ಕಪ್ಪು ಜನ ಉತ್ತರದ ಇಂಥ ಊರುಗಳಿಗೆ ಗುಳೆ ಹೋದರು. 1914ರಲ್ಲಿ ಫೋರ್ಡ್ ಕಂಪನಿ ದಿನಕ್ಕೆ 5 ಡಾಲರ್ ಕೂಲಿ ಘೋಷಿಸಿತ್ತು. ಆದರೆ ಕಪ್ಪು ಜನರ ಪಾಲಿಗೆ ಹೆಚ್ಚಾಗಿ ಸಿಕ್ಕಿದ್ದು ಕುಲುಮೆ ಮುಂದೆ ಬೇಯುವ ಕೆಲಸ. 1967ರ ಜುಲೈನಲ್ಲಿ ಆಕ್ರೋಶ ಸಿಡಿಯಿತು, 43 ಜನ ಸತ್ತರು. ಬಿಳಿಯರು ಊರು ಖಾಲಿ ಮಾಡಿದರು, ಕಾರ್ಖಾನೆಗಳು ಮುಚ್ಚಿದವು. 1950ರಲ್ಲಿ 18 ಲಕ್ಷ ದಾಟಿದ್ದ ಜನಸಂಖ್ಯೆ 2010ಕ್ಕೆ ಸುಮಾರು 7 ಲಕ್ಷ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳು ಬಾಗಿಲು ಹಾಕಿದ್ದನ್ನ ಕಂಡವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಆ ಊರಿನ ಹತ್ತಿರದ ಬೆಲ್‌ವಿಲ್‌ನಲ್ಲಿ ಮೂವರು ಕಪ್ಪು ಹುಡುಗರು ಶಾಲೆಗೆ ಹೋಗ್ತಿದ್ದರು. ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್. ರಾತ್ರಿ ರೇಡಿಯೋದಲ್ಲಿ ಎಲೆಕ್ಟ್ರಿಫೈಯಿಂಗ್ ಮೋಜೋ ಅನ್ನುವ ಕಪ್ಪು ನಿರೂಪಕ ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ ಯಂತ್ರ ಸಂಗೀತವನ್ನೂ ಜಾರ್ಜ್ ಕ್ಲಿಂಟನ್ ತಂಡದ ಕುಣಿತದ ಹಾಡನ್ನೂ ಒಟ್ಟಿಗೇ ಹಾಕ್ತಿದ್ದ. ಹುಡುಗರು ಎರಡನ್ನೂ ನುಂಗಿಕೊಂಡರು.

ಇನ್ನು ವಾದ್ಯ. ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ 808 ಅನ್ನುವ ತಾಳದ ಯಂತ್ರ ತಂದಿತು. ನಿಜವಾದ ಡ್ರಮ್ಮಿನ ಹಾಗೆ ಕೇಳಿಸಲ್ಲ ಅಂತ ಅನೇಕರು ಮೂಗು ಮುರಿದರು. ಮೂರೇ ವರ್ಷಕ್ಕೆ ತಯಾರಿಕೆ ನಿಂತಿತು. ಯಂತ್ರಗಳು ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬಂದವು, ಅಗ್ಗಕ್ಕೆ ಸಿಕ್ಕವು. ಡೆಟ್ರಾಯಿಟ್, ಚಿಕಾಗೋದ ಕಪ್ಪು ಹುಡುಗರು ಅವನ್ನೇ ಹಿಡಿದು ಜಗತ್ತು ಕುಣಿಸಿದರು. ಊರು ಬೇಡ ಅಂತ ಎಸೆದ ಚರ್ಮದಲ್ಲಿ ತಮಟೆ ಬಿಗಿದವರ ಮಕ್ಕಳಿಗೆ ಈ ವಿದ್ಯೆ ಹೊಸದಾ?

1981ರಲ್ಲಿ ಆಟ್ಕಿನ್ಸ್ ತನ್ನ ಗೆಳೆಯನ ಜೊತೆ 'ಸೈಬೋಟ್ರಾನ್' ಹೆಸರಲ್ಲಿ ಮೊದಲ ರೆಕಾರ್ಡ್ ತಂದ. 1985ರಲ್ಲಿ 'ಮೆಟ್ರೋಪ್ಲೆಕ್ಸ್' ಅಂತ ಸ್ವಂತ ಕಂಪನಿಯನ್ನೇ ಶುರು ಮಾಡಿದ. ಆಲ್ವಿನ್ ಟಾಫ್ಲರ್ ಬರೆದ 'ದ ಥರ್ಡ್ ವೇವ್' ಪುಸ್ತಕದಲ್ಲಿ ಯಂತ್ರವನ್ನ ತಮ್ಮ ಇಷ್ಟಕ್ಕೆ ಬಗ್ಗಿಸುವ ಬಂಡುಕೋರರಿಗೆ 'ಟೆಕ್ನೋ ರೆಬೆಲ್ಸ್' ಅನ್ನುವ ಮಾತಿದೆ. ಅದರಿಂದ ಹೆಸರು ಬಂತು. 1988ರಲ್ಲಿ ಇಂಗ್ಲೆಂಡಿನಲ್ಲಿ ಇವರ ಹಾಡುಗಳ ಸಂಕಲನ ಬಿಡುಗಡೆಯಾದಾಗ 'ಟೆಕ್ನೋ' ಅನ್ನುವ ಹೆಸರು ಲೋಕಕ್ಕೆ ಗೊತ್ತಾಯ್ತು.

ಆಮೇಲೆ ಏನಾಯ್ತು ನೋಡಿ. ಬರ್ಲಿನ್ ಗೋಡೆ ಬಿದ್ದ ಮೇಲೆ ಅಲ್ಲಿನ ಕ್ಲಬ್ಬುಗಳು ಟೆಕ್ನೋವನ್ನ ಅಪ್ಪಿಕೊಂಡವು. ಕೋಟಿಗಟ್ಟಲೆ ವ್ಯಾಪಾರ ಬೆಳೀತು. ಡೆಟ್ರಾಯಿಟ್‌ನ 'ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್' ತಂಡದವರು ಮುಖಕ್ಕೆ ಮುಸುಕು ಹಾಕಿಕೊಂಡು, ದೊಡ್ಡ ಕಂಪನಿಗಳಿಗೆ ನಮ್ಮನ್ನ ಮಾರಿಕೊಳ್ಳಲ್ಲ ಅಂತ ನಿಂತರು. 1999ರಲ್ಲಿ ಅವರದೇ ಒಂದು ಹಾಡನ್ನ ದೊಡ್ಡ ಕಂಪನಿಯೊಂದರ ಜರ್ಮನ್ ಶಾಖೆ ಒಪ್ಪಿಗೆ ಇಲ್ಲದೆ ನಕಲು ಮಾಡಿಸಿತು, ಜನ ತಿರುಗಿಬಿದ್ದರು. 2024ರಲ್ಲಿ ಬರ್ಲಿನ್ನಿನ ಟೆಕ್ನೋ ಸಂಸ್ಕೃತಿ ಜರ್ಮನಿಯ ಪರಂಪರೆ ಪಟ್ಟಿಗೆ ಸೇರಿತು. ಸಂತೋಷ. ಆದರೆ ಟೆಕ್ನೋ ಅಂದ್ರೆ ಬಿಳಿಯರ ಸಂಗೀತ ಅಂತ ನಂಬಿರೋರೇ ಇವತ್ತು ಹೆಚ್ಚು. ಸದ್ದು ಊರು ದಾಟಿತು, ಮಾಡಿದವರ ಹೆಸರು ಕೇರಿಯಲ್ಲೇ ಉಳೀತು.

ಈ ಆಟ ನಮಗೆ ಗೊತ್ತಿಲ್ವಾ? ನಾಯಕನಹಟ್ಟಿ ತೇರು ಇರಲಿ, ಗೌರಸಮುದ್ರ ಮಾರಮ್ಮನ ಜಾತ್ರೆ ಇರಲಿ, ನಮ್ಮ ಸೀಮೆಯಲ್ಲಿ ಚರ್ಮವಾದ್ಯ ಇಲ್ಲದೆ ದೇವರು ಕದಲಲ್ಲ. ಒಂದು ಕೈಲಿ ಗಿಡ್ಡ ಕೋಲು, ಇನ್ನೊಂದು ಕೈಲಿ ತೆಳ್ಳನೆ ಕಡ್ಡಿ, ಬೆಂಕಿಗೆ ಕಾಸಿ ಶ್ರುತಿ ಏರಿಸಿದ ತಮಟೆ. ಚರ್ಮದ ಮೇಲೆ ಕೋಲು ಉಜ್ಜಿ ಗುಡುಗಿನ ಹಾಗೆ ನರಳಿಸುವ ಉರುಮೆ. ಇವತ್ತು ಹುಡುಗರು 'ಬೇಸ್ ಕೇಳ್ರೋ' ಅಂತಾರಲ್ಲ, ಆ ಬೇಸು ಕರೆಂಟ್ ಇಲ್ಲದೇನೇ ನಮ್ಮ ತಾತಂದಿರ ಕೈಯಲ್ಲಿತ್ತು. ಸದ್ದು ದೇವರ ಕಿವಿಗೆ ಬೇಕು, ಬಾರಿಸಿದವನು ಮಾತ್ರ ಹೊರಗೆ. ಇಂಗ್ಲಿಷಿನಲ್ಲಿ ಬಹಿಷ್ಕೃತನಿಗೆ 'ಪರಾಯ' ಅಂತಾರೆ. ಅದು ತಮಿಳಿನ ಪರೈ ವಾದ್ಯದವರ ಹೆಸರಿನಿಂದ ಹೋದ ಪದ. ನಮ್ಮ ವಾದ್ಯವನ್ನ ಡಿಕ್ಷನರಿಯಲ್ಲೂ ಬೈಗುಳ ಮಾಡಿಟ್ಟರು!

ಆದರೆ ಅದೇ ವಾದ್ಯ ನಮ್ಮ ಕೈಯಲ್ಲಿ ತಿರುಗಿ ನಿಂತಿದ್ದೂ ಚರಿತ್ರೆಯೇ. 70ರ ದಶಕದಲ್ಲಿ ಬಿ. ಕೃಷ್ಣಪ್ಪನವರು ಕಟ್ಟಿದ ದಲಿತ ಸಂಘರ್ಷ ಸಮಿತಿ ಊರೂರಿಗೆ ಹೋಗಿದ್ದು ಹೋರಾಟದ ಹಾಡು, ತಮಟೆ ಜೊತೆಗೆ. 1994ರಲ್ಲಿ ಪಕ್ಕದ ಆಂಧ್ರದಲ್ಲಿ ಹುಟ್ಟಿದ ಮಾದಿಗರ ಚಳವಳಿ 'ದಂಡೋರ' ಅಂತಲೇ ಹೆಸರಾಯ್ತು, ಅಂದ್ರೆ ಡಂಗುರ. ಊರ ಗೌಡರ ಅಪ್ಪಣೆ ಸಾರೋಕೆ ಬಾರಿಸಿದ ಡಂಗುರ ನಮ್ಮ ಹಕ್ಕು ಸಾರೋ ಡಂಗುರ ಆಯ್ತು. ಒಳಮೀಸಲಾತಿ ಕೊಡಬಹುದು ಅಂತ 2024ರ ಆಗಸ್ಟ್ 1ಕ್ಕೆ ಸುಪ್ರೀಂ ಕೋರ್ಟೇ ಹೇಳಿತು. 2023ರಲ್ಲಿ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ ತಮಟೆಗಾಗಿಯೇ ಪದ್ಮಶ್ರೀ ಬಂತು.

ಹಾಗಾಗಿ ತಮಟೆ ಬಿಡಿ ಅನ್ನೋ ಗೆಳೆಯರಿಗೆ ನನ್ನ ಮಾತು ಇಷ್ಟೇ. ನಿಮ್ಮ ಸಿಟ್ಟು ನ್ಯಾಯವಾದದ್ದು. ಯಾರದೋ ಸಾವಿಗೆ, ಒಂದು ಮೊರ ರಾಗಿಗೆ, ಬಾರಿಸದಿದ್ರೆ ಬಹಿಷ್ಕಾರ ಅನ್ನೋ ಹೆದರಿಕೆಗೆ ಬಾರಿಸಿದ ತಮಟೆ ನಿಲ್ಲಲೇಬೇಕು. ಬಿಟ್ಟಿ ಚಾಕರಿ ಮಾಡಿಸೋದು 1989ರ ದೌರ್ಜನ್ಯ ತಡೆ ಕಾಯ್ದೆ ಪ್ರಕಾರ ಅಪರಾಧ. ಅವಮಾನ ಇರೋದು ಬಲವಂತದಲ್ಲಿ, ಚರ್ಮದಲ್ಲಿ ಅಲ್ಲ. ಡೆಟ್ರಾಯಿಟ್ ಹುಡುಗರು ಹತ್ತಿ ಹೊಲಕ್ಕೆ ವಾಪಸ್ ಹೋಗಲಿಲ್ಲ, ಹಾಗಂತ ಅಜ್ಜಂದಿರ ತಾಳವನ್ನೂ ಬಿಡಲಿಲ್ಲ.

ಡಿಜೆ ಬೇಕು ಅನ್ನೋ ತಮ್ಮಂದಿರಿಗೂ ಒಂದು ಮಾತು. ಯೂಟ್ಯೂಬಿನಲ್ಲಿ 'ತಮಟೆ ಡಿಜೆ ಮಿಕ್ಸ್' ಹುಡುಕಿ ನೋಡಿ. ಎಷ್ಟು ಕಡೆ ಮಿಕ್ಸ್ ಮಾಡಿದವನ ಹೆಸರು ದಪ್ಪಗಿರುತ್ತೆ, ಬಾರಿಸಿದವರ ಹೆಸರೇ ಇರಲ್ಲ. ಲ್ಯಾಪ್‌ಟಾಪ್ ನಿಮ್ಮ ಹತ್ರಾನೇ ಇದೆ, ತಮಟೆ ನಿಮ್ಮ ದೊಡ್ಡಪ್ಪನ ಹತ್ರ ಇದೆ. ನೀವೇ ರೆಕಾರ್ಡ್ ಮಾಡಿ, ನೀವೇ ಮಿಕ್ಸ್ ಮಾಡಿ. ಬಾರಿಸಿದವರ ಹೆಸರು, ಊರು ಹಾಕಿ. ದುಡ್ಡು ಬಂದ್ರೆ ಪಾಲು ಕೊಡಿ. ಅಕ್ಕ ತಂಗೀರು ಕೋಲು ಹಿಡೀತೀವಿ ಅಂದ್ರೆ ಮೊದಲು ಅವರ ಕೈಗೇ ಕೊಡಿ.

ಜಯಂತಿ ಕಮಿಟಿಯವರೇ, ಡಿಜೆ ಬಾಡಿಗೆ ಎಷ್ಟೋ ತಮಟೆ ತಂಡಕ್ಕೂ ಅಷ್ಟೇ ಸಂಭಾವನೆ ಇಡಿ. ಬ್ಯಾನರಿನಲ್ಲಿ ಮುಖಂಡರ ಫೋಟೋ ಎರಡು ಕಮ್ಮಿ ಮಾಡಿ, ಬಾರಿಸೋರ ಹೆಸರು ಬರೆಸಿ. ಆಮೇಲೆ ಡಿಜೆನೂ ಇರಲಿ, ತಮಟೆನೂ ಇರಲಿ. ಎರಡೂ ನಮ್ಮವೇ.

ಜೈಭೀಮ್.